ಬಣ್ಣ ಕಲಸಿಟ್ಟು ಎದ್ದುಹೋಗುವ ಅಪ್ಪನಿಗೆ

ಪ್ರಶ್ನೆ: ಮಾನ್ಯರೇ, ನನಗೆ 41 ವರ್ಷ. 9 ವರ್ಷದ ಮಗಳು ಮತ್ತು 4 ವರ್ಷದ ಮಗ ಇದ್ದಾರೆ. ನಾನೂ ನನ್ನ ಹೆಂಡತಿಯೂ ಉದ್ಯೋಗದಲ್ಲಿದ್ದೇವೆ. ಓದುವ ದಿನಗಳಲ್ಲಿ ಕೈಬಿಟ್ಟಿದ್ದ ಜಲವರ್ಣ ಚಿತ್ರಕಲೆಯನ್ನು ಈಗ ಎರಡು ವರ್ಷದಿಂದ ಮತ್ತೆ ಹಿಡಿದಿದ್ದೇನೆ. ಕಳೆದ ರಜೆಯ ದಿನ ಬೆಳಿಗ್ಗೆ ಕಾಗದ ಹಾಸಿ ಆಕಾಶಕ್ಕೆ ಬಣ್ಣ ಬಳಿಯುವಷ್ಟರಲ್ಲಿ ಮಗ ಎದ್ದ. ಆಮೇಲೆ ಮಗಳನ್ನು ಈಜಿನ ತರಗತಿಗೆ ಬಿಟ್ಟು, ಅಲ್ಲೇ ಒಂದು ಗಂಟೆ ಕಾದು, ದಿನಸಿ ತಂದೆ. ಔಷಧಿ ಮರೆತದ್ದು ನೆನಪಾಗಿ ಮತ್ತೆ ಹೊರಟೆ. ಮಧ್ಯಾಹ್ನ ಸೈಕಲ್ ರಿಪೇರಿ. ಸಂಜೆ ಮಕ್ಕಳೊಡನೆ ಆಡಲು ಕುಳಿತರೂ ಮನಸ್ಸು ಚಿತ್ರದಲ್ಲೇ ಇತ್ತು. ರಾತ್ರಿ ನೋಡಿದರೆ ಆಕಾಶದ ನಡುವೆ ಒಣಗಿದ ಗೆರೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರ ಬರೆದರೆ ಎರಡೂ ಆಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಹಾಗೆ ಮಾಡಲೇ, ಅಥವಾ ಮಕ್ಕಳು ದೊಡ್ಡವರಾಗುವವರೆಗೆ ಹವ್ಯಾಸವನ್ನೇ ಬಿಡಲೇ?

ಉತ್ತರ: ಬಿಡಬೇಡಿ. ಆದರೆ ಹವ್ಯಾಸಕ್ಕೆ ಒಂದು ಇಡೀ ಬೆಳಗು ಸಿಗಬೇಕು ಎಂಬ ನಿರೀಕ್ಷೆಯನ್ನು ಬಿಡಲೇಬೇಕು. ಜಲವರ್ಣದ ಎಲ್ಲ ಹಂತಗಳೂ ಒಂದೇ ರೀತಿಯ ಬಿಡುವನ್ನು ಕೇಳುವುದಿಲ್ಲ. ಆಕಾಶದಂತಹ ದೊಡ್ಡ ಭಾಗಕ್ಕೆ ಬಣ್ಣ ಬಳಿಯುವಾಗ ಮಾತ್ರ ಕಾಗದ ಒದ್ದೆಯಿರುವಾಗಲೇ ಕೆಲಸ ಮುಗಿಯಬೇಕು. ನಡುವೆ ಎದ್ದರೆ ಬಣ್ಣದ ಅಂಚು ಒಣಗಿ ಗೆರೆ ಕಟ್ಟುತ್ತದೆ, ಅರ್ಧ ಒಣಗಿದ ಜಾಗಕ್ಕೆ ಮತ್ತೆ ನೀರು ತಾಗಿದರೆ ಹೂಕೋಸಿನಂತಹ ಕಲೆ ಏಳುತ್ತದೆ. ಪೆನ್ಸಿಲ್ಲಿನ ರೇಖಾಚಿತ್ರ, ತುಂಡು ಕಾಗದದ ಮೇಲೆ ಬಣ್ಣಗಳ ಪರೀಕ್ಷೆ, ಒಣಗಿದ ಚಿತ್ರದ ಮೇಲೆ ಎಲೆ ಕಿಟಕಿಗಳ ಸಣ್ಣ ಕೆಲಸ, ಇವನ್ನು ಯಾರು ಯಾವಾಗ ಕೂಗಿದರೂ ಅಲ್ಲಿಗೇ ನಿಲ್ಲಿಸಬಹುದು. ಹೀಗಾಗಿ ಬಣ್ಣ ಬಳಿಯುವ ಇಪ್ಪತ್ತು ನಿಮಿಷವನ್ನು ಮನೆಯಲ್ಲಿ ಇನ್ನೊಬ್ಬ ಹಿರಿಯರು ಎಚ್ಚರವಾಗಿದ್ದು ಮಗನನ್ನು ನೋಡಿಕೊಳ್ಳುವ ಹೊತ್ತಿಗೆ ಮೊದಲೇ ಗೊತ್ತುಮಾಡಿಕೊಳ್ಳಿ. ಬಳಿದ ಮೇಲೆ ಅದು ಒಣಗುವವರೆಗೆ ನೀವು ಹೇಗೂ ಕಾಯಬೇಕು. ಮಗಳ ಈಜು, ದಿನಸಿ ಎಲ್ಲ ಆಗ ಬರಲಿ.

ಕಾಗದವನ್ನು ಒಂದು ಹಲಗೆಗೆ ಅಂಟಿಸಿಕೊಂಡರೆ ಹಲಗೆಯ ಸಮೇತ ಎತ್ತಿ ಮಗನ ಕೈಗೆಟುಕದ ಜಾಗದಲ್ಲಿ ಇಡಬಹುದು. ತಟ್ಟೆಯಲ್ಲಿ ಒಣಗಿದ ಜಲವರ್ಣ ಮತ್ತೆ ನೀರು ಸೋಕಿಸಿದರೆ ಕರಗುವುದರಿಂದ ಪ್ರತಿ ಸಲ ಎಲ್ಲವನ್ನೂ ತೊಳೆದಿಡುವ ಅಗತ್ಯವೂ ಇಲ್ಲ. ಹರವಿಕೊಳ್ಳಲು ಮತ್ತು ಎತ್ತಿಡಲು ಹದಿನೈದು ನಿಮಿಷ ಬೇಡುವ ಹವ್ಯಾಸಕ್ಕೆ ಅರ್ಧ ಗಂಟೆಯ ಬಿಡುವು ಸಿಕ್ಕರೂ ಸಾಲದು. ಮನೆಮಂದಿಯ ಮೇಲೆ ಸಿಡುಕುವ ಮೊದಲು ಇದನ್ನು ಸರಿಪಡಿಸಿಕೊಳ್ಳಬೇಕಿತ್ತು ಎಂದು ನನಗೆ ತಡವಾಗಿ ತಿಳಿಯಿತು. ನನ್ನದು ಮರಗೆಲಸದ ಹುಚ್ಚು.

ಸಂಜೆ ಮಕ್ಕಳ ಮುಂದೆ ಕುಳಿತಾಗ ಮನಸ್ಸು ಚಿತ್ರದಲ್ಲಿದ್ದುದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಕಿಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋದರೂ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಎಂಬುದನ್ನು ಸಂಶೋಧಕಿ ಸೋಫಿ ಲೆರಾಯ್ 2009ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಮುಗಿಯದ ಕೆಲಸವನ್ನು ಮುಂದೆ ಯಾವಾಗ, ಹೇಗೆ ಮಾಡುವುದೆಂದು ಖಚಿತವಾಗಿ ಯೋಜಿಸಿಕೊಂಡರೆ ಅದರ ಕಾಟ ಕಡಿಮೆಯಾಗುತ್ತದೆ ಎಂದು ಮನೋವಿಜ್ಞಾನಿಗಳಾದ ಮಾಸಿಕ್ಯಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ವರದಿ ಮಾಡಿದರು. ಎದ್ದುಹೋಗುವ ಮೊದಲು ಕಾಗದದ ಅಂಚಿನಲ್ಲಿ ‘ನಾಳೆ ಬೆಳಿಗ್ಗೆ, ಎಡಗಡೆಯ ಮರದ ನೆರಳು’ ಎಂದು ಪೆನ್ಸಿಲ್ಲಿನಲ್ಲಿ ಒಂದು ಸಾಲು ಗೀಚಿಡಿ. ಆಗ ಆಟದ ನಡುವೆ ಆ ಮರವನ್ನು ತಲೆಯಲ್ಲಿ ಹೊತ್ತು ತಿರುಗಬೇಕಾಗುವುದಿಲ್ಲ.

ಹೊರಗಿನ ಕೆಲಸಗಳ ವಿಷಯದಲ್ಲಿ ನೀವು ಎಡವಿದ್ದು ಲೆಕ್ಕದಲ್ಲಿ. ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಅಂದಾಜು ಮಾಡುವಾಗ ಹಿಂದೆ ನಿಜವಾಗಿ ಎಷ್ಟು ಹಿಡಿಯಿತು ಎಂಬುದನ್ನು ನಾವು ನೋಡುವುದೇ ಇಲ್ಲ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಗುರುತಿಸಿದ ದೌರ್ಬಲ್ಯವಿದು. ಈಜಿನ ತರಗತಿಯ ಹೊರಗೆ ಕಾದ ಒಂದು ಗಂಟೆಯಲ್ಲಿ ಔಷಧಿಯೂ ದಿನಸಿಯೂ ಆಗುತ್ತಿದ್ದವು. ಹೊರಡುವ ಮೊದಲು ಆಗಬೇಕಾದ ಕೆಲಸಗಳ ಪಟ್ಟಿ ಬರೆದು ಮಗಳ ಕೈಗೆ ಕೊಡಿ. 9 ವರ್ಷದ ಮಕ್ಕಳು ಇಂಥ ಜವಾಬ್ದಾರಿಯಲ್ಲಿ ನಮಗಿಂತ ಕಟ್ಟುನಿಟ್ಟು.

ಗೆಳೆಯರ ಸಲಹೆ ಅರ್ಧ ಸರಿ. ಮಕ್ಕಳನ್ನು ಖಂಡಿತ ಕೂರಿಸಿಕೊಳ್ಳಿ, ಅವರಿಗೆ ಬೇರೆ ಕಾಗದ, ಬೇರೆ ಕುಂಚ ಕೊಡಿ, ಆದರೆ ಅದನ್ನು ಮಕ್ಕಳ ವೇಳೆಯೆಂದೇ ಎಣಿಸಿ. ಅಲ್ಲಿ ನಿಮ್ಮ ಚಿತ್ರ ಮುಂದುವರಿಯಬೇಕೆಂದು ಬಯಸಿದರೆ ಮಗ ಬಣ್ಣದ ನೀರು ಚೆಲ್ಲಿದಾಗ ಗದರುತ್ತೀರಿ. ನಿಮ್ಮ ವೇಳೆ ಬೇರೆಯಾಗಿಯೇ ಇರಲಿ. ಅವನಿಗೆ ‘ಇನ್ನು ಅರ್ಧ ಗಂಟೆ’ ಎಂದರೆ ಅರ್ಥವಾಗುವುದು ಕಷ್ಟ, ‘ನೀನು ಸ್ನಾನ ಮುಗಿಸಿ ಬಂದ ಕೂಡಲೇ ಅಪ್ಪ ನಿನ್ನ ಜೊತೆ ಆಡುತ್ತಾನೆ’ ಎಂದರೆ ಅರ್ಥವಾಗುತ್ತದೆ. ಹೇಳಿದ ಮೇಲೆ ತಪ್ಪಬಾರದು.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಹೆಂಡತಿಯ ಉದ್ಯೋಗದ ಮಾತಿದೆ, ಹವ್ಯಾಸದ ಮಾತಿಲ್ಲ. ಬೆಳಗಿನ ಆ ಇಪ್ಪತ್ತು ನಿಮಿಷವನ್ನು ಅವರಿಂದ ಕೇಳುವ ಮುನ್ನ, ಅವರಿಗೆ ತಮ್ಮದೇ ಆದ ಹೊತ್ತು ಯಾವಾಗ ಬೇಕು ಎಂದು ವಿಚಾರಿಸಿ, ಆ ಹೊತ್ತಿನಲ್ಲಿ ಮಕ್ಕಳ ಹೊಣೆ ಪೂರ್ತಿಯಾಗಿ ನಿಮ್ಮದಾಗಲಿ. ‘ಔಷಧಿ ಎಲ್ಲಿದೆ’ ಎಂದು ನಡುವೆ ಫೋನ್ ಮಾಡಿದರೆ ಅದು ಹೊಣೆ ಹೊತ್ತಂತಲ್ಲ.

ಆಕಾಶದ ಗೆರೆಯನ್ನು ಶುದ್ಧ ನೀರಿನ ಒದ್ದೆ ಕುಂಚದಿಂದ ಮೆಲ್ಲಗೆ ಸವರಿ, ಮೃದುವಾದ ಕಾಗದದಿಂದ ಒತ್ತಿ ತೆಗೆಯಿರಿ. ಬಳಸಿದ್ದು ಅಲ್ಟ್ರಾಮರೀನ್ ನೀಲಿಯಾದರೆ ಬಹುಮಟ್ಟಿಗೆ ಎದ್ದು ಬರುತ್ತದೆ. ಥ್ಯಾಲೊ ನೀಲಿಯಾದರೆ ಕಾಗದಕ್ಕೆ ಹಿಡಿದುಬಿಟ್ಟಿರುತ್ತದೆ. ಆಗ ಅದರ ಮೇಲೊಂದು ಬೂದು ಮೋಡ ಬರೆದುಬಿಡಿ.