ಮೊದಲು ಕಂಬಿ ಏರಲಿ, ಆಮೇಲೆ ಆಳು

ಸಾರುವೆ ಕಟ್ಟುವವರು, ಕಟ್ಟಿಸುವವರು ಕಳುಹಿಸುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷಗಳು: ಸಾರುವೆ ಕಟ್ಟುವವನೇ ಬೀಳದಂತೆ ಅಂಚಿಗೆ ಮೊದಲೇ ತಾತ್ಕಾಲಿಕ ತಡೆಗಂಬಿ ಹಾಕಲೇಬೇಕೇ? ಹಿಂದೆ ಚುಟುಕಾಗಿ ಉತ್ತರಿಸಿದ್ದೆ. ಸಾಲಲಿಲ್ಲ ಎಂದು ಕಾಣುತ್ತದೆ, ಮತ್ತೆ ಬಂದಿದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಕಂಬದ ಬುಡಕ್ಕೆ ಬೇಸ್ ಪ್ಲೇಟ್ ಯಾಕೆ ಬೇಕು, ಸಾರುವೆಯನ್ನು ಗೋಡೆಗೆ ಹಿಡಿದಿಡುವ ಟೈ ಯಾಕೆ ಬಿಗಿಯಬೇಕು ಎಂಬುದನ್ನೆಲ್ಲ ವಿವರಿಸುತ್ತಾ ಕೂರುವುದಿಲ್ಲ. ಅದು ಗೊತ್ತಿಲ್ಲದವರು ಸಾರುವೆಯ ಹತ್ತಿರ ಸುಳಿಯದಿರುವುದೇ ಕ್ಷೇಮ.

ಪ್ರಶ್ನೆ: ಹಲಗೆ ಹಾಸಿದ ಹತ್ತು ನಿಮಿಷದೊಳಗೆ ನಮ್ಮ ಹುಡುಗರು ತಡೆಗಂಬಿ ಬಿಗಿದುಬಿಡುತ್ತಾರೆ. ಎಲ್ಲರಿಗೂ ಹಾರ್ನೆಸ್, ಅಂದರೆ ಬಿದ್ದರೆ ಹಿಡಿಯುವ ಮೈಪಟ್ಟಿ, ಕೊಟ್ಟಿದ್ದೇವೆ. ಹೀಗಿರುವಾಗ, ಉದ್ದ ಹೊಂದಿಸಬಹುದಾದ ಆ ತಾತ್ಕಾಲಿಕ ತಡೆಗಂಬಿಯನ್ನು ಬೇರೆ ಯಾಕೆ ಹೊರಬೇಕು? ಒಂದೇ ಕೆಲಸವನ್ನು ಎರಡು ಸಲ ಮಾಡಿದಂತಾಗುವುದಿಲ್ಲವೇ?

ಹತ್ತು ನಿಮಿಷ ಎಂದು ಬರೆಯುವವರು ಅದು ಒಂದು ಅಂಕಣದ ಲೆಕ್ಕ ಎಂಬುದನ್ನು ಮರೆತಿರುತ್ತಾರೆ. ಒಂದು ನಿಲುಗಂಬದಿಂದ ಇನ್ನೊಂದರವರೆಗಿನ ಜಾಗವನ್ನು ಅಂಕಣ ಎನ್ನುತ್ತಿದ್ದೇನೆ, ಹಳೆಯ ಮನೆ ಕಟ್ಟುವವರ ಮಾತು ಅದು. 10 ಅಂಕಣ ಉದ್ದ, 6 ಅಂತಸ್ತು ಎತ್ತರದ ಸಾರುವೆಯಲ್ಲಿ ಅಂಥವು 60. ಕಟ್ಟುವಾಗ 60 ಸಲ, ಬಿಚ್ಚುವಾಗ 60 ಸಲ ಒಬ್ಬನಲ್ಲ ಒಬ್ಬ ಬರಿಯ ಅಂಚಿನ ಪಕ್ಕದಲ್ಲಿ ನಿಂತಿರುತ್ತಾನೆ. ನಿಮ್ಮ ಹತ್ತು ನಿಮಿಷವನ್ನೇ ಒಪ್ಪಿಕೊಂಡರೂ ಒಟ್ಟು 20 ಗಂಟೆ. ಬಣ್ಣ ಬಳಿಯುವವನು ಬರುವ ಹೊತ್ತಿಗೆ ಕಂಬಿ ಇರುತ್ತದೆ. ಆ ಕಂಬಿಯನ್ನು ಬಿಗಿದವನಿಗೆ ಏನೂ ಇರಲಿಲ್ಲ.

ಇನ್ನು ಹಾರ್ನೆಸ್. ಅದನ್ನು ನಾನು ಬೇಡ ಎನ್ನುವುದಿಲ್ಲ, ನಾನೂ ತೊಡುತ್ತೇನೆ. ಆದರೆ ಅದರ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಹೊಸ ಅಟ್ಟಣೆಗೆ ಮೊದಲು ಕಾಲಿಟ್ಟವನಿಗೆ ಕೊಕ್ಕೆ ಹಾಕಲು ಬಹುತೇಕ ಸಿಗುವುದು ಕಾಲಬುಡದ ಲೆಡ್ಜರ್, ಅಂದರೆ ಅಡ್ಡಕೊಳವೆ, ಮಾತ್ರ. ಹಗ್ಗದ ಉದ್ದ 2 ಮೀಟರ್. ಬಿದ್ದಾಗ ಎಳೆತವನ್ನು ನುಂಗುವ ಅಬ್ಸಾರ್ಬರ್ ಬಿಚ್ಚಿಕೊಂಡು ಇನ್ನೂ 1.75 ಮೀಟರ್‌ವರೆಗೆ ಉದ್ದವಾಗಬಹುದು. ಬೆನ್ನಿನ ಉಂಗುರದಿಂದ ಪಾದದವರೆಗೆ ಸುಮಾರು 1.5 ಮೀಟರ್. ಪಾದದ ಕೆಳಗೆ ಕನಿಷ್ಠ 1 ಮೀಟರ್ ಖಾಲಿ ಇರಬೇಕು. ಕೂಡಿಸಿದರೆ 6.25 ಮೀಟರ್. 2 ಮೀಟರ್‌ಗೊಂದು ಅಂತಸ್ತಿನ ಸಾರುವೆಯಲ್ಲಿ ಮೊದಲ ಅಟ್ಟಣೆ 2 ಮೀಟರ್, ಎರಡನೆಯದು 4, ಮೂರನೆಯದು 6. ಮೂರನೆಯ ಅಟ್ಟಣೆಯಿಂದ ಬಿದ್ದರೂ ಇರಬೇಕಾದಷ್ಟು ಜಾಗ ಕೆಳಗಿಲ್ಲ. ಮೊದಲೆರಡು ಅಟ್ಟಣೆಗಳಿಂದ ಬಿದ್ದವನು ಹಾರ್ನೆಸ್ ತೊಟ್ಟುಕೊಂಡೇ ನೆಲಕ್ಕೆ ಬಡಿಯಬಹುದು. ಮೇಲಿನ ಅಂತಸ್ತುಗಳಲ್ಲಿ ಹಗ್ಗ ಹಿಡಿದುಕೊಂಡಿತು ಎಂದೇ ಇಟ್ಟುಕೊಳ್ಳಿ. ಬೀಳುತ್ತಾ ದಾರಿಯಲ್ಲಿ ಲೆಡ್ಜರಿಗೋ ಓರೆಯಾಗಿ ಬಿಗಿದ ಬ್ರೇಸಿಗೋ ತಗುಲಬಹುದು. ತೂಗಾಡುತ್ತಿರುವವನನ್ನು ಬೇಗ ಇಳಿಸಲೂಬೇಕು, ಅಲುಗಾಡದೆ ಪಟ್ಟಿಗಳಲ್ಲಿ ನೇತಾಡುವುದೇ ಜೀವಕ್ಕೆ ಅಪಾಯ. ಇಳಿಸುವವರು ಯಾರು, ಯಾವುದರಿಂದ ಇಳಿಸುತ್ತಾರೆ ಎಂದು ನಾನು ಕೇಳಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಅದೂ ಕೊಕ್ಕೆ ಹಾಕಿದ್ದರೆ ತಾನೇ. ಒಮ್ಮೆ ತಪಾಸಣೆಗೆ ಹೋದಾಗ ನಾಲ್ಕನೆಯ ಅಂತಸ್ತಿನಲ್ಲಿ ಒಬ್ಬ ಕೆಲಸದಲ್ಲಿದ್ದ. ಹೊಸ ಹಾರ್ನೆಸ್, ಪಟ್ಟಿಗಳೆಲ್ಲ ಬಿಗಿಯಾಗಿ, ನೋಡಲು ಅಚ್ಚುಕಟ್ಟು. ಹತ್ತಿರ ಹೋಗಿ ನೋಡಿದರೆ ಹಗ್ಗದ ಎರಡೂ ಕೊಕ್ಕೆಗಳು ಅವನ ಸೊಂಟದ ಉಂಗುರಕ್ಕೇ ಸಿಕ್ಕಿಸಿಕೊಂಡಿದ್ದವು. ಅವನು ಅವನಿಗೇ ಕಟ್ಟಿಕೊಂಡಿದ್ದ. ನನಗೆ ಸಿಟ್ಟು ಬರಲಿಲ್ಲ. ಎರಡೂವರೆ ಮೀಟರಿನ ಲೆಡ್ಜರನ್ನು ಎರಡು ಕೈಯಲ್ಲಿ ಹಿಡಿದು ಅಂಕಣದಿಂದ ಅಂಕಣಕ್ಕೆ ದಾಟುವವನಿಗೆ ಪ್ರತಿ ಹೆಜ್ಜೆಗೂ ಕೊಕ್ಕೆ ತೆಗೆದು ಹಾಕಲು ಮೂರನೆಯ ಕೈ ಎಲ್ಲಿಂದ ಬರಬೇಕು? ನೆನಪಿಟ್ಟುಕೊಂಡರೆ ಮಾತ್ರ ಕಾಯುವ ಸಾಧನ ಅದು. ತಡೆಗಂಬಿ ಹಾಗಲ್ಲ, ನೀವು ಮರೆತರೂ ಅಲ್ಲೇ ನಿಂತಿರುತ್ತದೆ, ಪಕ್ಕದಲ್ಲಿರುವವನನ್ನೂ ಕಾಯುತ್ತದೆ. ಬ್ರಿಟನ್ನಿನಲ್ಲಿ ಎತ್ತರದ ಕೆಲಸಕ್ಕೆ 2005ರಲ್ಲಿ ಬಂದ ನಿಯಮಗಳು ಇದನ್ನೇ ಸರದಿಯಲ್ಲಿ ಇಟ್ಟಿವೆ. ಬೀಳದಂತೆ ತಡೆಯುವುದು ಮೊದಲು, ಬಿದ್ದವನನ್ನು ಹಿಡಿಯುವುದು ಆಮೇಲೆ. ಎಲ್ಲರನ್ನೂ ಕಾಯುವ ವ್ಯವಸ್ಥೆ ಮೊದಲು, ಒಬ್ಬನನ್ನು ಮಾತ್ರ ಕಾಯುವುದು ಆಮೇಲೆ.

ಈಗ ನೀವು ಹೊರಲು ಒಲ್ಲೆ ಎನ್ನುವ ವಸ್ತುವಿಗೆ ಬರೋಣ. ಎರಡು ನಿಲುಗೋಲು, ನಡುವೆ ಒಂದರೊಳಗೊಂದು ಜಾರುವ ಕೊಳವೆಗಳ ಅಡ್ಡಗಂಬಿ, ಅಷ್ಟೇ. ನಿಲುಗೋಲಿನ ಹಿಡಿಕೆಗಳು ಸಾರುವೆಯ ನಿಲುಗಂಬಕ್ಕೆ ಕಚ್ಚಿಕೊಳ್ಳುತ್ತವೆ. ಈಗಾಗಲೇ ಕಂಬಿ ಬಿಗಿದಿರುವ ಕೆಳಗಿನ ಅಟ್ಟಣೆಯಲ್ಲಿ ನಿಂತು ಅದನ್ನು ಮೇಲಕ್ಕೆತ್ತಿ ಸಿಕ್ಕಿಸುತ್ತೀರಿ. ಮುಂದಿನ ಅಟ್ಟಣೆ ನಿಮ್ಮ ಪಾದದಿಂದ 2 ಮೀಟರ್ ಮೇಲೆ, ಅದರ ಮೇಲೆ ಇನ್ನೊಂದು ಮೀಟರ್ ಎತ್ತರಕ್ಕೆ ಕಂಬಿ ಬರಬೇಕು. 3 ಮೀಟರ್ ಎತ್ತರ ಯಾರ ಕೈಗೂ ಎಟಕುವುದಿಲ್ಲ, ನಿಲುಗೋಲಿನ ಉದ್ದವೇ ನಿಮ್ಮ ಕೈಯ ಬದಲು ಅಲ್ಲಿಗೆ ತಲುಪುತ್ತದೆ. ಆಮೇಲೆ ಕೆಳಗಿನಿಂದಲೇ ಹಲಗೆ ಹಾಸಿ, ಏಣಿ ಹತ್ತಿ, ಕಂಬಿಯ ಒಳಗೆ ನಿಂತು ಶಾಶ್ವತ ಕಂಬಿಗಳನ್ನು ಬಿಗಿಯುತ್ತೀರಿ. ಅವು ಕೂತ ಮೇಲೆ ತಾತ್ಕಾಲಿಕ ಕಂಬಿ ಬಿಡುಗಡೆಯಾಗಿ ಇನ್ನೊಂದು ಅಂತಸ್ತು ಮೇಲಕ್ಕೆ ಹೋಗುತ್ತದೆ. ಅದು ಯಾವಾಗಲೂ ನಿಮಗಿಂತ ಒಂದು ಅಂತಸ್ತು ಮುಂದೆ ಇರಬೇಕು, ಇರುವುದು ಅಷ್ಟೇ ನಿಯಮ.

ಉದ್ದ ಹೊಂದಿಸುವ ಸೌಕರ್ಯವನ್ನು ಕೆಲವರು ಅಲಂಕಾರ ಎಂದುಕೊಂಡಿದ್ದಾರೆ. ಸಿದ್ಧ ಸಾರುವೆಗಳ ಅಂಕಣ ಒಂದು ಮಾದರಿಯಲ್ಲಿ 2.07, 2.57, 3.07 ಮೀಟರ್, ಕಪ್ಪಿನಂಥ ಜೋಡಣೆಯ ಮಾದರಿಯಲ್ಲಿ 1.3, 1.8, 2.5 ಮೀಟರ್, ಕೊಳವೆಗಳನ್ನು ಕಪ್ಲರ್ ಎಂಬ ಹಿಡಿಕೆಯಿಂದ ಬಿಗಿದು ಕಟ್ಟುವ ಸಾರುವೆಯಲ್ಲಂತೂ ಗೋಡೆ ಹೇಳಿದಷ್ಟು. ಮೂಲೆಯಲ್ಲಿ ಒಂದು ಮೋಟು ಅಂಕಣ ಬಂದೇ ಬರುತ್ತದೆ. ಒಂದೇ ಅಳತೆಯ ಕಂಬಿ ತಂದವರು ಆ ಮೂಲೆಯನ್ನು ಬಿಟ್ಟುಬಿಡುತ್ತಾರೆ. ಸಾಲಿನ ಕೊನೆಯ ಅಡ್ಡಬದಿಯನ್ನೂ ಬಿಟ್ಟುಬಿಡುತ್ತಾರೆ. ಹಲಗೆ ಹಿಡಿದು ಹಿಂದಕ್ಕೆ ಹೆಜ್ಜೆ ಇಡುವವನು ಹೋಗಿ ನಿಲ್ಲುವುದು ಸರಿಯಾಗಿ ಅಲ್ಲಿಗೇ.

ಎತ್ತರದ ಬಗ್ಗೆ ವಾದ ಬೇಡ. ಬ್ರಿಟನ್ನಿನಲ್ಲಿ ಮೇಲಿನ ಕಂಬಿ ಹಲಗೆಯಿಂದ ಕನಿಷ್ಠ 950 ಮಿಲಿಮೀಟರ್ ಎತ್ತರದಲ್ಲಿರಬೇಕು, ಕಂಬಿಗಳ ನಡುವಿನ ಸಂದು 470 ಮಿಲಿಮೀಟರ್ ಮೀರಬಾರದು. ಕಟ್ಟುವವರಿಗೆ ಮಾತ್ರ ಆ ಹೊತ್ತಿಗೆ ಮೇಲಿನ ಒಂದು ಕಂಬಿ ಸಾಕು ಎಂಬ ರೂಢಿ ಇದೆ. ನಾನು ಎರಡು ಕೇಳುತ್ತೇನೆ. ಬಗ್ಗಿ ಕಪ್ಲರ್ ಬಿಗಿಯುವವನ ತಲೆ ಸೊಂಟದ ಮಟ್ಟದಲ್ಲಿರುತ್ತದೆ, ಒಂಟಿ ಕಂಬಿಯ ಕೆಳಗೆ ಅವನು ಹಾಗೇ ನುಸುಳಿಹೋಗಬಲ್ಲ. ಇದನ್ನು ನನ್ನ ಅತಿಜಾಗ್ರತೆ ಎನ್ನುವವರು ಎನ್ನಲಿ.

ಬಿಚ್ಚುವ ಕೆಲಸದ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಹೆಚ್ಚು ಭಯ ಅದರದೇ. ಕಟ್ಟುವಾಗ ಇದ್ದ ಮೇಲ್ವಿಚಾರಕ ಬಿಚ್ಚುವ ದಿನ ಇರುವುದಿಲ್ಲ, ಗಮನವೆಲ್ಲ ಲಾರಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದರ ಕಡೆ. ಎಲ್ಲಕ್ಕಿಂತ ಮೇಲಿರುವುದು ತಡೆಗಂಬಿ, ಆದ್ದರಿಂದ ಮೊದಲು ಕೈ ಹೋಗುವುದೂ ಅದಕ್ಕೇ. ಕಂಬಿಗಳನ್ನೆಲ್ಲ ಸಾಲಾಗಿ ತೆಗೆದು, ಬೋಳು ಅಟ್ಟಣೆಯ ಮೇಲೆ ಓಡಾಡುತ್ತಾ ಹಲಗೆ ಎತ್ತುತ್ತಾರೆ. ಕ್ರಮ ತಿರುಗುಮುರುಗಾಗಬೇಕು. ಮೊದಲು ಕೆಳಗಿನ ಅಟ್ಟಣೆಯಲ್ಲಿ ನಿಂತು ತಾತ್ಕಾಲಿಕ ಕಂಬಿಯನ್ನು ಮೇಲಕ್ಕೆ ಸಿಕ್ಕಿಸಿ. ಆಮೇಲೆ ಮೇಲೆ ಹೋಗಿ ಶಾಶ್ವತ ಕಂಬಿ, ಅಂಚಿನಲ್ಲಿ ನಿಲ್ಲಿಸಿದ ಕಾಲಹಲಗೆ (ಟೋ ಬೋರ್ಡ್) ಬಿಚ್ಚಿ. ಇಳಿದು ಬಂದು ಕೆಳಗಿನಿಂದ ಹಲಗೆ ಎಳೆದುಕೊಳ್ಳಿ. ತಾತ್ಕಾಲಿಕ ಕಂಬಿ ಇಳಿಯುವುದು ಎಲ್ಲಕ್ಕೂ ಕೊನೆಗೆ, ಅದೂ ಕೆಳಗಿನಿಂದ. ಟೈಗಳನ್ನು ಆಯಾ ಅಂತಸ್ತಿಗೆ ಬಂದಾಗ ಮಾತ್ರ ಬಿಚ್ಚಬೇಕು, ಬೆಳಗ್ಗೆಯೇ ಎಲ್ಲವನ್ನೂ ಬಿಚ್ಚಿಟ್ಟುಕೊಂಡು ಶುರು ಮಾಡುವ ಜಾಣರಿಗೆ ನನ್ನ ಬಳಿ ಉತ್ತರವಿಲ್ಲ.

ಎರಡು ಸಲ ಕೆಲಸವೇ ಎಂದು ಕೇಳಿದ್ದಿರಿ. ಹೌದು. ಕೈ ಪಳಗುವವರೆಗೆ ನಿಧಾನವಾಗುತ್ತದೆ. ಆಮೇಲೆ ಬರಿಯ ಅಂಚಿನ ಅಂಜಿಕೆಯಿಂದ ಒಂದು ಕೈಯಲ್ಲಿ ಕಂಬ ಹಿಡಿದು ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ತಿರುಗಿಸುತ್ತಿದ್ದವನು ಎರಡೂ ಕೈಯಲ್ಲಿ ತಿರುಗಿಸುತ್ತಾನೆ.

ಪ್ರಶ್ನೆ: ಇದನ್ನು ಪರಿಚಯದ ವೆಲ್ಡಿಂಗ್‌ನವರಿಂದ ಹಳೆಯ ಕೊಳವೆಯಲ್ಲಿ ಮಾಡಿಸಬಹುದೇ? ಅವರು ಎಲ್ಲ ಥರದ್ದೂ ಮಾಡುತ್ತಾರೆ.

ಎಲ್ಲ ಥರದ್ದೂ ಮಾಡುವವರೆಂದರೇ ನನಗೆ ಭಯ. ಅವರು ಮಾಡಿದ ಗೇಟು ಬಿದ್ದರೆ ಗೇಟು ಬೀಳುತ್ತದೆ, ಇದು ಬಿದ್ದರೆ ಒರಗಿದವನೂ ಜೊತೆಗೆ ಹೋಗುತ್ತಾನೆ. ಅಮೆರಿಕದ ನಿಯಮದಲ್ಲಿ ಸಾಮಾನ್ಯ ಸಾರುವೆಯ ಮೇಲಿನ ಕಂಬಿ 200 ಪೌಂಡ್, ಅಂದರೆ ಸುಮಾರು 91 ಕಿಲೋ ತೂಕದ ಒತ್ತಡವನ್ನು ಪಕ್ಕಕ್ಕೂ ಕೆಳಕ್ಕೂ ತಾಳಬೇಕು. ನಿಮ್ಮ ವೆಲ್ಡರ್ ಅದನ್ನು ಯಾವುದರಿಂದ ಪರೀಕ್ಷಿಸುತ್ತಾನೆ? 'ನಾನೇ ನೇತಾಡಿ ನೋಡಿದೆ' ಎಂದು ಒಬ್ಬ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ.

ಹೊಂದಿಸುವ ಕಂಬಿಯಲ್ಲಿ ಎರಡು ಜಾಗ ಮುಖ್ಯ: ಒಳಕೊಳವೆ ಪೂರ್ತಿ ಹೊರಕ್ಕೆ ಜಾರದಂತೆ ತಡೆಯುವ ಕಟ್ಟು, ಉದ್ದವನ್ನು ಹಿಡಿದಿಡುವ ಪಿನ್ನು. ಹೀಗೆ ಊರಲ್ಲೇ ಬೆಸೆದು ಮಾಡಿದ್ದರಲ್ಲಿ ಮೊದಲನೆಯದು ಇರುವುದೇ ಇಲ್ಲ. ಎರಡನೆಯದು ಕಳೆದುಹೋಗುತ್ತದೆ. ಒಮ್ಮೆ ನಾನು ಬಿಚ್ಚಿ ನೋಡಿದ ಕಂಬಿಯಲ್ಲಿ ಪಿನ್ನಿನ ಜಾಗದಲ್ಲಿ ಮೂರಂಗುಲದ ಮೊಳೆ ಇತ್ತು. ಬಾಗಿಸಿ, ಮೇಲೊಂದು ಸುತ್ತು ಬೈಂಡಿಂಗ್ ತಂತಿ. ಕೊಳವೆ ಉಜ್ಜಿ ಉಜ್ಜಿ ಮೊಳೆಯ ನಡು ಪೆನ್ಸಿಲಿನ ಮೊನೆಯಷ್ಟು ಸವೆದಿತ್ತು. ಮೇಲಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ, ತಂತಿಯ ಸುತ್ತು ಅಷ್ಟು ಚೆನ್ನಾಗಿತ್ತು. ತಯಾರಕರು ಪರೀಕ್ಷಿಸಿ, ಯಾವ ಸಾರುವೆಗೆ ಹೊಂದುತ್ತದೆ ಎಂದು ಬರೆದುಕೊಟ್ಟ ವಸ್ತುವನ್ನೇ ಕೊಳ್ಳಿ. ಪ್ರತಿ ಸಲ ಮೇಲಕ್ಕೆತ್ತುವ ಮುನ್ನ ಪಿನ್ನನ್ನೂ ಹಿಡಿಕೆಯ ಬೆಸುಗೆಯನ್ನೂ ನೋಡಿ. ಬಾಗಿದ ಕಂಬಿಯನ್ನು ಸುತ್ತಿಗೆಯಿಂದ ಬಡಿದು ನೇರ ಮಾಡಬೇಡಿ, ಗುಜರಿಗೆ ಹಾಕಿ.

ಪ್ರಶ್ನೆ: ತಾತ್ಕಾಲಿಕ ಕಂಬಿಗೇ ಹಾರ್ನೆಸ್ಸಿನ ಕೊಕ್ಕೆ ಹಾಕಬಹುದೇ?

ಬೇಡ. ಒರಗುವವನನ್ನು ತಡೆಯಲು ಮಾಡಿದ್ದು ಬೀಳುವವನ ಎಳೆತವನ್ನು ತಾಳುವುದಿಲ್ಲ. ತಯಾರಕರೇ ಹಾಕಬಹುದು ಎಂದು ಬರೆದುಕೊಟ್ಟಿದ್ದರೆ ಮಾತು ಬೇರೆ.

ಪ್ರಶ್ನೆ: ಫ್ರೇಮ್ ಸಾರುವೆಯ ಕತ್ತರಿ ಬ್ರೇಸನ್ನೇ ತಡೆಗಂಬಿ ಎಂದು ಲೆಕ್ಕ ಹಿಡಿಯಬಹುದಂತೆ, ನಿಜವೇ?

ಅರ್ಧ ನಿಜ, ಅದಕ್ಕೇ ಅಪಾಯಕಾರಿ. ಅಮೆರಿಕದ ನಿಯಮದಲ್ಲಿ ಬ್ರೇಸುಗಳು ಒಂದನ್ನೊಂದು ದಾಟುವ ಬಿಂದು ಹಲಗೆಯಿಂದ 38ರಿಂದ 48 ಅಂಗುಲದ ನಡುವೆ ಇದ್ದರೆ ಮೇಲಿನ ಕಂಬಿಯ ಬದಲಿಗೆ, 20ರಿಂದ 30 ಅಂಗುಲದ ನಡುವೆ ಇದ್ದರೆ ನಡುಗಂಬಿಯ ಬದಲಿಗೆ ಒಪ್ಪುತ್ತಾರೆ. ಎರಡಕ್ಕೂ ಒಂದೇ ಬ್ರೇಸು ಆಗುವುದಿಲ್ಲ. ಕತ್ತರಿಯ ಮೇಲ್ಭಾಗದ ಹಳ್ಳವನ್ನು ಒಮ್ಮೆ ಕಣ್ಣಾರೆ ನೋಡಿ, ಆಮೇಲೆ ಲೆಕ್ಕ ಹಿಡಿಯಿರಿ.

ಪ್ರಶ್ನೆ: ಗೋಡೆಯ ಕಡೆಗೂ ಕಂಬಿ ಬೇಕೇ?

ಸಂದು ನೋಡಿ ಹೇಳಬೇಕು. ಜರ್ಮನಿಯಲ್ಲಿ ಅಟ್ಟಣೆಗೂ ಗೋಡೆಗೂ ನಡುವೆ 30 ಸೆಂಟಿಮೀಟರ್ ದಾಟಿದರೆ ಬೇಕು, ಅಮೆರಿಕದಲ್ಲಿ ಸಾಮಾನ್ಯವಾಗಿ 14 ಅಂಗುಲ ದಾಟಿದರೆ. ಇನ್ನೂ ಗೋಡೆಯೇ ಏಳದ ಕಡೆ ಸಾರುವೆ ನಿಲ್ಲಿಸಿ 'ಗೋಡೆಯ ಕಡೆ' ಎನ್ನಬೇಡಿ, ಅದೂ ಹೊರಗಿನ ಬದಿಯೇ.

ಪ್ರಶ್ನೆ: ಕೆಂಪು ಬಿಳಿ ಪಟ್ಟೆಯ ಟೇಪು ಕಟ್ಟಿದರೆ ಸಾಲದೇ?

ಟೇಪು ಎಚ್ಚರಿಕೆಯ ಫಲಕ. ಫಲಕಕ್ಕೆ ಯಾರೂ ಒರಗುವುದಿಲ್ಲ.

ಪ್ರಶ್ನೆ: ಬಿದಿರಿನ ಸಾರುವೆಗೆ ಈ ಕಂಬಿ ಕೂರುತ್ತದೆಯೇ?

ಇಲ್ಲ. ಇದರ ಹಿಡಿಕೆಗಳು 48.3 ಮಿಲಿಮೀಟರ್ ಹೊರ ವ್ಯಾಸದ ಉಕ್ಕಿನ ಕೊಳವೆಗೆ ಮಾಡಿದವು. ಬಿದಿರು ಬುಡದಲ್ಲೊಂದು ದಪ್ಪ, ತುದಿಯಲ್ಲೊಂದು ದಪ್ಪ.

ಪ್ರಶ್ನೆ: ಇಪ್ಪತ್ತೈದು ವರ್ಷದ ಅನುಭವಿಗಳಿಗೂ ಇದು ಬೇಕೇ? ಅವರು ಬೇಡ ಎನ್ನುತ್ತಾರೆ.

ಬೇಕು. ಅವರು ಬೇಡ ಎನ್ನುವುದನ್ನು ನೋಡಿ ಹೊಸ ಹುಡುಗರು ಕಲಿಯುತ್ತಿದ್ದಾರೆ.

ಪ್ರಶ್ನೆ: ನಮ್ಮ ಸಾರುವೆ ಕಟ್ಟಿಯಾಗಿದೆ, ಮುಂದಿನ ವಾರ ಬಿಚ್ಚುತ್ತೇವೆ. ಈಗ ಈ ಕಂಬಿ ತಂದು ಏನು ಪ್ರಯೋಜನ?

ಮೇಲಿನ ಮೊದಲ ಉತ್ತರವನ್ನು ಬಿಚ್ಚುವ ಭಾಗದಿಂದ ಮತ್ತೊಮ್ಮೆ ಓದಿ. ಆಮೇಲೆ ಬಿಚ್ಚುವ ದಿನವನ್ನು ಕಂಬಿ ಬರುವವರೆಗೆ ಮುಂದಕ್ಕೆ ಹಾಕಿ.