ಕಾರ್ಡ್ ಇದೆ, ಪಟ್ಟಿಯಲ್ಲಿ ಹೆಸರಿದೆಯೇ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಯುವ ಓದುಗರ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇವೆ. ಮತದಾನದ ದಿನ ಏನಾಯಿತು ಎಂದೇ ಹೆಚ್ಚಿನವರು ಕೇಳಿದ್ದಾರೆ. ಎಡವಟ್ಟು ಮಾತ್ರ ಅದಕ್ಕೂ ತಿಂಗಳುಗಳ ಮೊದಲೇ, ಮತದಾರರ ಪಟ್ಟಿಯಲ್ಲೇ ಆಗಿರುತ್ತದೆ.

ಬರುವ ಮೇ 12ಕ್ಕೆ ನನಗೆ 18 ತುಂಬುತ್ತದೆ. ಮುಂದಿನ ಜನವರಿವರೆಗೆ ಕಾಯಬೇಕು ಎನ್ನುತ್ತಾರೆ ಸೈಬರ್ ಸೆಂಟರ್‌ನವರು. ಹೌದೇ?
– ಪಿಯು ವಿದ್ಯಾರ್ಥಿನಿ, ಸುರಪುರ

ಅದು ಹಳೆಯ ನಿಯಮ. 2021ರಲ್ಲಿ ಕಾನೂನು ತಿದ್ದಿದ ಮೇಲೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ (ಅಂದಿಗೆ 18 ತುಂಬಿರಬೇಕು): ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ನಿಮ್ಮದು ಜುಲೈ 1. 17 ತುಂಬಿದವರ ಮುಂಗಡ ಅರ್ಜಿಯನ್ನೂ ತೆಗೆದುಕೊಳ್ಳುತ್ತಾರೆ.

ತುಂಬಬೇಕಾದ್ದು ನಮೂನೆ 6. ಶುಲ್ಕವಿಲ್ಲ. ಒಂದು ಪಾಸ್‌ಪೋರ್ಟ್ ಅಳತೆಯ ಫೋಟೊ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ, ವಿಳಾಸಕ್ಕೆ ಆಧಾರ್ ಅಥವಾ ಬ್ಯಾಂಕ್ ಪಾಸ್‌ಬುಕ್ ಸಾಕು. ಅಪ್ಪನದೋ ಅವ್ವನದೋ ಓಟರ್ ಐಡಿ ಸಂಖ್ಯೆ ಬರೆದರೆ ನಿಮ್ಮ ಹೆಸರು ಮನೆಯವರ ಜೊತೆ ಅದೇ ಮತಗಟ್ಟೆಗೆ ಸೇರಲು ಅನುಕೂಲ. ಆನ್‌ಲೈನ್‌ನಲ್ಲಿ ಇಂಗ್ಲಿಷಿನಲ್ಲಿ ಹೊಡೆದ ಹೆಸರನ್ನು ಯಂತ್ರವೇ ಕನ್ನಡಕ್ಕೆ ತಿರುಗಿಸುತ್ತದೆ. ತಪ್ಪು ಹುಟ್ಟುವುದು ಅಲ್ಲೇ. ‘ಶರಣಮ್ಮ’ ಹೋಗಿ ‘ಶರನಮ್ಮ’ ಆಗಿರುತ್ತದೆ. ಕಳಿಸುವ ಮುಂಚೆ ಕನ್ನಡದ ಕಾಲಂ ಓದಿ ತಿದ್ದಿ. ಅರ್ಜಿಯ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಸೈಬರ್ ಸೆಂಟರ್‌ನಲ್ಲಿ ಮಾಡಿಸಿದರೂ ಮೊಬೈಲ್ ನಂಬರ್ ಮಾತ್ರ ನಿಮ್ಮದೇ ಇರಲಿ, ಅಂಗಡಿಯವರದ್ದಲ್ಲ.

ಚುನಾವಣೆ ಘೋಷಣೆಯಾದ ಮೇಲೂ ಸೇರಿಸಬಹುದು. ಆದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಬಾಗಿಲು ಮುಚ್ಚಿದಂತೆ. ಆಕ್ಷೇಪಣೆಗೆಂದು 7 ದಿನ ಬಿಡಬೇಕಾಗುವುದರಿಂದ, ಆ ಕೊನೆಯ ದಿನಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಅರ್ಜಿ ಕೊಟ್ಟಿರಬೇಕು.

ನಾನು ಔರಾದ ತಾಲ್ಲೂಕಿನವನು, ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದೇನೆ. ಓಟು ಇಲ್ಲಿಗೆ ತರಬಹುದೇ? ಮುಂದೆ ಬೆಂಗಳೂರಿಗೆ ವರ್ಗ ಮಾಡಿಸಿದರೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಇರುವ ಮೀಸಲಾತಿ ಹೋಗುತ್ತದೆ ಎನ್ನುತ್ತಾರೆ ಗೆಳೆಯರು.
– ಇಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ

ಊರೋ ಹಾಸ್ಟೆಲೋ, ಆಯ್ಕೆ ನಿಮ್ಮದು. ಕೋರ್ಸು ಮಾನ್ಯತೆ ಪಡೆದಿದ್ದು, ಕನಿಷ್ಠ ಒಂದು ವರ್ಷದ್ದಾಗಿರಬೇಕು. ಹಾಸ್ಟೆಲ್ ವಿಳಾಸಕ್ಕೆ ಪ್ರಾಂಶುಪಾಲರಿಂದ ವ್ಯಾಸಂಗದ ದೃಢೀಕರಣ ಪತ್ರ ತನ್ನಿ. ಊರಿನ ಪಟ್ಟಿಯಲ್ಲಿ ಈಗಾಗಲೇ ಹೆಸರಿದ್ದರೆ ಹೊಸದಾಗಿ ನಮೂನೆ 6 ತುಂಬಲೇಬೇಡಿ. ಸ್ಥಳಾಂತರಕ್ಕೆ ಇರುವುದು ನಮೂನೆ 8. ಗೊತ್ತಿಲ್ಲದೆ 6 ತುಂಬಿದವರ ಹೆಸರು ಎರಡು ಕಡೆ ಬೀಳುತ್ತದೆ. ಒಬ್ಬರ ಹೆಸರು ಎರಡು ಕಡೆ ಇರುವಂತಿಲ್ಲ, ಮತ್ತು ಬೇರೆಲ್ಲೂ ಹೆಸರಿಲ್ಲ ಎಂದು ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ.

371(ಜೆ) ವಿಷಯದಲ್ಲಿ ನಿಮ್ಮ ಗೆಳೆಯರು ಸುಮ್ಮನೆ ಹೆದರಿಸಿದ್ದಾರೆ. ಸ್ಥೂಲವಾಗಿ ಹೇಳುವುದಾದರೆ, ಈ ಭಾಗದಲ್ಲಿ ಹುಟ್ಟಿದವರು, 2013ರ ಜನವರಿ 1ಕ್ಕೆ ಮೊದಲು ಕನಿಷ್ಠ 10 ವರ್ಷ ಇಲ್ಲಿ ವಾಸವಿದ್ದವರು ಮತ್ತು ಅಂಥವರ ಮಕ್ಕಳು ‘ಸ್ಥಳೀಯ ವ್ಯಕ್ತಿ’. ಓಟು ಎಲ್ಲಿದೆ ಎಂಬ ಮಾತೇ ಅಲ್ಲಿಲ್ಲ. ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಇನ್ನೂ ಮಾಡಿಸಿಲ್ಲವಾದರೆ, ಶಾಲಾ ದಾಖಲೆಗಳು ಊರಲ್ಲಿ ಕೈಗೆ ಸಿಗುವಾಗಲೇ ಮಾಡಿಸಿಕೊಳ್ಳಿ.

ಓಟು ತಂದುಕೊಂಡರೆ ಬೇರೊಂದು ಬಾಗಿಲು ಮುಚ್ಚುತ್ತದೆ. ಗ್ರಾಮ ಪಂಚಾಯಿತಿಗೆ 21ನೇ ವಯಸ್ಸಿಗೇ ನಿಲ್ಲಬಹುದು (ವಿಧಾನಸಭೆಗಾದರೆ 25 ಆಗಬೇಕು). ಆದರೆ ಹೆಸರು ಆ ಪಂಚಾಯಿತಿಯ ಪಟ್ಟಿಯಲ್ಲೇ ಇರಬೇಕು. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಹೊಸಬರು ಗೆಲ್ಲಬಹುದಾದ ಚುನಾವಣೆ ಎಂದರೆ ಇದೊಂದೇ ಎಂದು ನಮ್ಮ ಎಣಿಕೆ. ಆ ಆಸೆ ಇದ್ದರೆ ಓಟು ಊರಲ್ಲೇ ಇರಲಿ.

ನಮ್ಮ ಮನ್ಯಾಗ ನಾಲ್ಕು ಮಂದಿ ಬೆಂಗಳೂರಿಗೆ ಬಿಲ್ಡಿಂಗ್ ಕೆಲಸಕ್ಕ ದುಡ್ಯಾಕ ಹೋಗ್ತೀವಿ, ಮಳಿಗಾಲಕ್ಕ ತಿರುಗಿ ಬರ್ತೀವಿ. ಮನಿಗಿ ಬೀಗ ಇದ್ರ ಹೆಸರು ತೆಗಿತಾರ ಅಂತಾರ. ಏನ್ ಮಾಡಬೇಕ್ರಿ?
– ವಡಗೇರಾದ ಓದುಗ

ಕಾನೂನು ನಿಮ್ಮ ಪರವಾಗಿದೆ. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಸಾಮಾನ್ಯ ವಾಸ ತಪ್ಪಿಹೋಗುವುದಿಲ್ಲ ಎಂದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಸೆಕ್ಷನ್‌ನಲ್ಲೇ ಇದೆ. ಹೆಸರು ತೆಗೆಯುವ ಮೊದಲು ನೋಟಿಸ್ ಕೊಟ್ಟು ಕೇಳಲೇಬೇಕು. ತೊಡಕೆಂದರೆ ನೋಟಿಸ್ ಬರುವುದು ಬೀಗ ಹಾಕಿದ ಮನೆಗೆ. ಉತ್ತರ ಕೊಡುವವರಿಲ್ಲ, ಹೆಸರು ಹೋಗುತ್ತದೆ.

ಆದ್ದರಿಂದ ಗುಳೆ ಹೊರಡುವ ಮುಂಚೆ ಎರಡು ಕೆಲಸ ಮುಗಿಸಿ. ಮೊದಲನೆಯದು, ನಿಮ್ಮ ಮತಗಟ್ಟೆಯ ಬಿಎಲ್‌ಓ, ಅಂದರೆ ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಮಟ್ಟದ ಅಧಿಕಾರಿ ಯಾರೆಂದು ತಿಳಿದು (ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಕೇಳಬಹುದು) ನಿಮ್ಮ ಮೊಬೈಲ್ ನಂಬರ್ ಕೊಟ್ಟು, ಯಾವಾಗ ಮರಳುತ್ತೀರಿ ಎಂದು ಹೇಳಿ. ನಮೂನೆ 8ರಲ್ಲಿ ಆ ನಂಬರನ್ನು ಓಟರ್ ಐಡಿಗೂ ಜೋಡಿಸಿ. ಎರಡನೆಯದು, ಊರಲ್ಲೇ ಉಳಿಯುವ ಹಿರಿಯರ ಕೈಯಲ್ಲಿ ನಾಲ್ವರ ಓಟರ್ ಐಡಿ, ರೇಷನ್ ಕಾರ್ಡ್, ಉದ್ಯೋಗ ಖಾತ್ರಿ ಜಾಬ್ ಕಾರ್ಡ್‌ಗಳ ಜೆರಾಕ್ಸ್ ಕೊಟ್ಟು ಹೋಗಿ. ಕರಡು ಪಟ್ಟಿ ಬಂದಾಗ ಓಟರ್ ಐಡಿ ಸಂಖ್ಯೆ ಹಾಕಿ ಮೊಬೈಲಿನಲ್ಲೇ ಹುಡುಕಿ ನೋಡಿ. ಕಾರ್ಡ್ ಕಿಸೆಯಲ್ಲಿದೆ ಎಂದು ನೆಮ್ಮದಿಯಾಗಿರುವಂತಿಲ್ಲ. ಕಾರ್ಡ್ ಇದ್ದೂ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಓಟಿಲ್ಲ.

ಬೇರೆಯವರ ಹೆಸರು ತೆಗೆಸಲು ಕೊಡುವ ಅರ್ಜಿ ನಮೂನೆ 7. ಅದರ ದುರುಪಯೋಗ ಹೇಗಾಗುತ್ತದೆ ಎಂದು ಕಲಬುರಗಿ ಜಿಲ್ಲೆಯವರಿಗೆ ಹೇಳಬೇಕಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದಲ್ಲಿ ಆನ್‌ಲೈನ್‌ನಲ್ಲಿ ಇಂಥ 6,018 ಅರ್ಜಿಗಳು ಬಿದ್ದವು. ಸ್ಥಳ ಪರಿಶೀಲನೆಯಲ್ಲಿ ಸರಿ ಎಂದು ಕಂಡದ್ದು 24 ಮಾತ್ರ. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು, ಪೊಲೀಸ್ ಪ್ರಕರಣವೂ ದಾಖಲಾಯಿತು. ಬಿಎಲ್‌ಓ ಮನೆಗೆ ಬಂದು ನೋಡುವ ಹಳೆಯ ಪದ್ಧತಿಯೇ ಅಲ್ಲಿ ಓಟು ಉಳಿಸಿದ್ದು. 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಅರ್ಜಿಗೆ ಆಧಾರ್ ಜೋಡಿಸಿದ ಮೊಬೈಲಿಗೆ ಬರುವ ಓಟಿಪಿ ಬೇಕು.

ಇಷ್ಟಾಗಿಯೂ ಹೆಸರು ತೆಗೆದರೆ, ಆದೇಶದ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಚುನಾವಣೆ ಹತ್ತಿರವಿದ್ದರೆ ಮೇಲ್ಮನವಿಗೆ ಕಾಯುತ್ತಾ ಕೂರದೆ ಹೊಸದಾಗಿ ನಮೂನೆ 6 ತುಂಬುವುದು ಜಾಣತನ.

ಇನ್ನು ಮತದಾನದ ದಿನದ ಕೂಲಿ. ದಿನಗೂಲಿಯವರಿಗೂ ಅಂದು ಸಂಬಳಸಹಿತ ರಜೆ ಕೊಡಬೇಕು (1951ರ ಪ್ರಜಾಪ್ರಾತಿನಿಧ್ಯ ಕಾಯ್ದೆ, ಸೆಕ್ಷನ್ 135ಬಿ). ತಪ್ಪಿದರೆ ದಂಡ 500 ರೂಪಾಯಿವರೆಗೆ. ಇಷ್ಟಕ್ಕೆ ಯಾವ ಮೇಸ್ತ್ರಿಯೂ ಹೆದರುವುದಿಲ್ಲ ಎಂಬುದು ನಿಜವೇ. ನಾಲ್ಕು ಮಂದಿ ಒಟ್ಟಿಗೆ ಹೋಗಿ, ಬಸ್ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ.

ಮತಗಟ್ಟೆಗೆ ಕಾಲೇಜ್ ಐಡಿ ಒಯ್ದರೆ ಸಾಕೇ? ಹೋದ ಸಲ ನಮ್ಮ ಕಾಕಾ ಹೋಗುವಷ್ಟರಲ್ಲಿ ಅವರ ಓಟು ಬೇರೆ ಯಾರೋ ಹಾಕಿದ್ದರು.
– ಬಸವಕಲ್ಯಾಣದ ಓದುಗ

ಕಾಲೇಜ್ ಐಡಿ ನಡೆಯುವುದಿಲ್ಲ. ಮನೆಗೆ ಬರುವ ಓಟರ್ ಚೀಟಿಯೊಂದನ್ನೇ ತೋರಿಸಿದರೂ ಬಿಡುವುದಿಲ್ಲ. ಓಟರ್ ಐಡಿ ಇಲ್ಲದವರು ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಜಾಬ್ ಕಾರ್ಡ್ ಅಥವಾ ಫೋಟೊ ಇರುವ ಪಾಸ್‌ಬುಕ್ ಒಯ್ಯಬೇಕು.

ನಿಮ್ಮ ಕಾಕಾ ಮರಳಿ ಬರಬಾರದಿತ್ತು. ಅಧ್ಯಕ್ಷಾಧಿಕಾರಿಯ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿ ತಾನೇ ಆ ಮತದಾರ ಎಂದು ತೋರಿಸಿದ್ದರೆ, ಚುನಾವಣಾ ನಿಯಮ 49ಪಿ ಪ್ರಕಾರ ಅವರಿಗೆ ‘ಟೆಂಡರ್ಡ್’ ಮತಪತ್ರ ಸಿಗುತ್ತಿತ್ತು. ಅದು ಯಂತ್ರದಲ್ಲಲ್ಲ, ಕಾಗದದ ಮೇಲೆ. ನಮೂನೆ 17ಬಿಯಲ್ಲಿ ಸಹಿ ಪಡೆದು, ಗುರುತು ಹಾಕಿದ ಮತಪತ್ರವನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಸಾಮಾನ್ಯ ಎಣಿಕೆಗೆ ಅದು ಬರುವುದಿಲ್ಲ. ಅಂತರ ಕಡಿಮೆ ಇದ್ದು ವ್ಯಾಜ್ಯ ಕೋರ್ಟಿಗೆ ಹೋದಾಗ ಆ ಕಾಗದಕ್ಕೆ ಬೆಲೆ ಬರುತ್ತದೆ. ಯಾವುದಾದರೂ ಪಕ್ಷದ ಏಜೆಂಟ್ ‘ಇವರು ಆ ವ್ಯಕ್ತಿಯಲ್ಲ’ ಎಂದು ತಗಾದೆ ತೆಗೆದರೆ, ಅವನು ಮೊದಲು 2 ರೂಪಾಯಿ ಕಟ್ಟಬೇಕು!

ಡಿಗ್ರಿ ಮುಗಿದು ನಾಲ್ಕು ವರ್ಷ, ಓಟರ್ ಐಡಿಯೂ ಇದೆ. ಆದರೂ 2024ರಲ್ಲಿ ಪದವೀಧರ ಕ್ಷೇತ್ರದ ಓಟು ಸಿಗಲಿಲ್ಲ.
– ಭಾಲ್ಕಿಯ ಓದುಗ

ವಿಧಾನ ಪರಿಷತ್ತಿನ ಈಶಾನ್ಯ ಪದವೀಧರ ಕ್ಷೇತ್ರದ ಪಟ್ಟಿಯೇ ಬೇರೆ. ಪ್ರತಿ ಚುನಾವಣೆಗೂ ಹೊಸದಾಗಿ ಬರೆಯುತ್ತಾರೆ, ಹಳೆಯ ಹೆಸರು ಮುಂದುವರಿಯುವುದಿಲ್ಲ. ಅರ್ಜಿ ನಮೂನೆ 18, ಜೊತೆಗೆ ದೃಢೀಕರಿಸಿದ ಪದವಿ ಪ್ರಮಾಣಪತ್ರ ಅಥವಾ ಅಂಕಪಟ್ಟಿ. ಅರ್ಹತಾ ದಿನಾಂಕ ನವೆಂಬರ್ 1, ಅದಕ್ಕೆ ಮೊದಲು ಪದವಿ ಪಡೆದು 3 ವರ್ಷ ಆಗಿರಬೇಕು. ಸದಸ್ಯರ ಅವಧಿ 6 ವರ್ಷ. ಹಾಗಾಗಿ 2029ರ ಅಕ್ಟೋಬರ್ ಹೊತ್ತಿಗೆ ಪ್ರಕಟಣೆಗಳ ಮೇಲೆ ಕಣ್ಣಿಡಿ. ಅಲ್ಲಿ ಒತ್ತುವ ಗುಂಡಿಯಿಲ್ಲ. ಅವರೇ ಕೊಡುವ ನೇರಳೆ ಪೆನ್ನಿನಿಂದ ಅಭ್ಯರ್ಥಿಗಳ ಹೆಸರಿನ ಮುಂದೆ ನಿಮ್ಮ ಆದ್ಯತೆಯಂತೆ 1, 2, 3 ಎಂದು ಅಂಕಿ ಬರೆಯಬೇಕು. ಓದಿದವರೇ ಅಲ್ಲಿ ರೈಟ್ ಗುರುತು ಹಾಕಿ ಓಟು ಕೆಡಿಸುತ್ತಾರೆ.

ಕುಡಿಯುವ ನೀರಿಗಾಗಿ ಧರಣಿ ಕೂತ ಮೇಲೆ ‘ಠಾಣೆಗೆ ಬಾ’ ಎಂದು ಫೋನ್ ಬರುತ್ತಿದೆ. ಹೋಗಲೇಬೇಕೇ?
– ಚಿತ್ತಾಪುರದ ಯುವಕ

ತಪ್ಪಿಸಿಕೊಂಡು ತಿರುಗಬೇಡಿ, ಬರೀ ಫೋನಿಗೇ ಓಡಿಯೂ ಹೋಗಬೇಡಿ. ಲಿಖಿತ ನೋಟಿಸ್ ಕೇಳಿ. ಆರೋಪಿಯಾಗಿ ಕರೆಯುವುದಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 35(3), ಸಾಕ್ಷಿಯಾಗಿ ಆದರೆ ಸೆಕ್ಷನ್ 179. ಯಾವುದೆಂದು ನೋಟಿಸಿನಲ್ಲಿ ಇರುತ್ತದೆ. 35ರ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ನೋಟಿಸ್ ಕೈಗೆ ಬಂದ ಮೇಲೆ ಹೇಳಿದ ದಿನ ಹೋಗಲೇಬೇಕು. ಹೋಗದಿದ್ದರೆ ಬಂಧನಕ್ಕೆ ಅದೇ ಕಾರಣವಾಗುತ್ತದೆ.

ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಕೀಲರಿಗೆ ಹಣವಿಲ್ಲವೆಂದು ಸುಮ್ಮನಿರಬೇಡಿ, 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಇದೆ.

ಠಾಣೆಯಲ್ಲಿ ಹೊಡೆತ, ಬೈಗುಳ ಆದರೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ ಬರೆಯಿರಿ. ಶುಲ್ಕವಿಲ್ಲ, ಆದರೆ ಘಟನೆ ನಡೆದ ಒಂದು ವರ್ಷದೊಳಗೆ ದೂರು ಮುಟ್ಟಬೇಕು. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯದ ದಾಖಲೆ ಮಾಡಿಸಿ. ಒಳಹೋದ ಮತ್ತು ಹೊರಬಂದ ವೇಳೆ ಬರೆದು, ಆ ಹೊತ್ತಿನ ಠಾಣೆಯ ಸಿಸಿಟಿವಿ ದೃಶ್ಯ ಉಳಿಸಿಡುವಂತೆ ಎಸ್ಪಿ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ. 2020ರ ಸುಪ್ರೀಂ ಕೋರ್ಟ್ ಆದೇಶದಂತೆ ಆ ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಾಗದ ಕಡೆಯೂ ಕನಿಷ್ಠ ಒಂದು ವರ್ಷ ಇಟ್ಟಿರಬೇಕು.