ಎಚ್-4 ವೀಸಾದಲ್ಲಿರುವ ಮಗಳಿಗೆ ಕ್ಯಾಲಿಫೋರ್ನಿಯಾದ ನಿವಾಸಿಗಳ ಕಾಲೇಜು ಶುಲ್ಕ ಸಿಗುತ್ತದೆಯೇ?

ನೀವು ಬರೆದಿರುವಂತೆ, ನಿಮ್ಮ ಕುಟುಂಬ 2025ರ ಸೆಪ್ಟೆಂಬರ್ 10ರಂದು ನ್ಯೂಜೆರ್ಸಿಯಿಂದ ಸ್ಯಾನ್ ಹೋಸೆಗೆ ಬಂದು ನೆಲೆಸಿದೆ. ನೀವು ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದೀರಿ, ಮಗಳು ಅಂಥವರ ಅವಲಂಬಿತರಿಗೆ ಕೊಡುವ ಎಚ್-4ನಲ್ಲಿದ್ದಾಳೆ. ಹನ್ನೆರಡನೇ ತರಗತಿಯಲ್ಲಿರುವ ಅವಳು 2026ರಲ್ಲಿ ಕಾಲೇಜು ಸೇರಲು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಬರ್ಕ್ಲಿ ಮತ್ತು ಸ್ಯಾನ್ ಡಿಯಾಗೊ ಕ್ಯಾಂಪಸ್‌ಗಳು, ಸ್ಯಾನ್ ಹೋಸೆ ಸ್ಟೇಟ್ ಈ ಮೂರಕ್ಕೂ ಅರ್ಜಿ ಹಾಕಿದ್ದಾಳೆ. ವೀಸಾದ ಮೇಲಿರುವವರಿಗೆ ರಾಜ್ಯದ ನಿವಾಸಿಗಳ ಕಡಿಮೆ ಶುಲ್ಕ ಅನ್ವಯಿಸುವುದೇ ಇಲ್ಲ ಎಂದು ಸ್ನೇಹಿತರು ಹೇಳಿದ್ದು ನಿಜವೇ ಎಂಬುದು ನಿಮ್ಮ ಪ್ರಶ್ನೆ. ಅದು ನಿಜವಲ್ಲ. ಆದರೆ ನಿಮ್ಮ ವಿಷಯದಲ್ಲಿ ವೀಸಾಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ನೀವು ಬಂದಿಳಿದ ದಿನಾಂಕದ ಬಗ್ಗೆ. ಅದೊಂದರಿಂದಾಗಿ ನಿಮ್ಮ ಮಗಳು ಈ ಮೂರರಲ್ಲಿ ಎರಡು ಕಡೆ ನಿವಾಸಿಯೂ ಒಂದು ಕಡೆ ಹೊರರಾಜ್ಯದವಳೂ ಆಗುವ ಸಾಧ್ಯತೆ ಇದೆ. ನಾನು ವಕೀಲನಲ್ಲ, ನನ್ನ ಮಗನ ಸಲುವಾಗಿ ಈ ನಿಯಮಗಳನ್ನು ಸಾಲುಸಾಲಾಗಿ ಓದಬೇಕಾಗಿ ಬಂದ ಒಬ್ಬ ತಂದೆಯಾಗಿ ಉತ್ತರಿಸುತ್ತಿದ್ದೇನೆ.

ಮೊದಲು ವೀಸಾದ ವಿಚಾರ. ಕನ್ನಡದಲ್ಲಿ ಒಂದು ಊರಿನಲ್ಲಿ 'ಇರುವುದಕ್ಕೂ' ಅಲ್ಲಿ 'ನೆಲೆಸುವುದಕ್ಕೂ' ನಾವು ವ್ಯತ್ಯಾಸ ಮಾಡುತ್ತೇವಲ್ಲ, ಇಲ್ಲಿನ ಕಾನೂನು ನೋಡುವುದೂ ಅದನ್ನೇ. ಎಫ್-1 ವಿದ್ಯಾರ್ಥಿ ವೀಸಾ ಪಡೆಯುವವರು, ತಮ್ಮ ದೇಶದಲ್ಲಿ ತಮಗೊಂದು ಮನೆಯಿದೆ ಮತ್ತು ಅದನ್ನು ಬಿಟ್ಟುಕೊಡುವ ಉದ್ದೇಶ ತಮಗಿಲ್ಲ ಎಂಬ ಷರತ್ತಿನ ಮೇಲೆಯೇ ಇಲ್ಲಿಗೆ ಬಂದಿರುತ್ತಾರೆ. ಹಾಗಾಗಿ ಅವರು ಎಷ್ಟು ವರ್ಷ ಇದ್ದರೂ ಇಲ್ಲಿ ನೆಲೆಸಿದ್ದೇವೆ ಎಂದು ಹೇಳಲು ಬರುವುದಿಲ್ಲ. ಎಚ್-1ಬಿಗೆ ಅಂಥ ಷರತ್ತು ಇಲ್ಲ, ಆದ್ದರಿಂದ ಅದನ್ನು ಅವಲಂಬಿಸಿದ ಎಚ್-4ಗೂ ಇಲ್ಲ. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ ಟೋಲ್ ವಿರುದ್ಧ ಮೊರೆನೊ ಮೊಕದ್ದಮೆಯಲ್ಲಿ ಇದೇ ಬಗೆಯ ಪ್ರಶ್ನೆಯನ್ನು ತೀರ್ಮಾನಿಸಿತು. ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರ ಮಕ್ಕಳು ಜಿ-4 ವೀಸಾದಲ್ಲಿದ್ದಾರೆ ಎಂಬ ಒಂದೇ ಕಾರಣಕ್ಕೆ ಆ ವಿಶ್ವವಿದ್ಯಾಲಯ ಅವರಿಗೆ ನಿವಾಸಿಗಳ ಶುಲ್ಕವನ್ನು ನಿರಾಕರಿಸಿತ್ತು. ಒಕ್ಕೂಟದ ಕಾನೂನೇ ನೆಲೆಸಲು ಬಿಟ್ಟಿರುವ ಜನರ ಮೇಲೆ ರಾಜ್ಯವೊಂದು ಇಂಥ ಹೊರೆ ಹೇರುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಕ್ಯಾಲಿಫೋರ್ನಿಯಾದ ಶಿಕ್ಷಣ ಸಂಹಿತೆಯಲ್ಲಿರುವುದೂ ಇದೇ ತತ್ವ: ವಲಸೆ ಕಾನೂನು ಅಡ್ಡಿಪಡಿಸದಿದ್ದರೆ ವಿದೇಶಿ ಪ್ರಜೆಯೂ ನಿವಾಸಿಯಾಗಬಹುದು.

ಇನ್ನು ದಿನಾಂಕ. ಕರ್ನಾಟಕದಿಂದ ಬಂದ ನಮ್ಮಲ್ಲಿ ಹಲವರ ಮನಸ್ಸಿನಲ್ಲಿ ಸಿಇಟಿಯ ಏಳು ವರ್ಷಗಳ ವ್ಯಾಸಂಗ ಪ್ರಮಾಣಪತ್ರ ಉಳಿದುಕೊಂಡಿರುತ್ತದೆ. ಮಗು ಎಷ್ಟು ವರ್ಷ ಇಲ್ಲಿನ ಶಾಲೆಯಲ್ಲಿ ಓದಿತು ಎಂಬುದೇ ಮುಖ್ಯವೆಂದು ಭಾವಿಸುತ್ತೇವೆ. ಇಲ್ಲಿ ಲೆಕ್ಕಕ್ಕೆ ಬರುವುದು, ಮಗಳು ಮತ್ತು ಅವಳು ಅವಲಂಬಿಸಿರುವ ತಂದೆ ಅಥವಾ ತಾಯಿ ಈ ರಾಜ್ಯವನ್ನೇ ತಮ್ಮ ಮನೆಯಾಗಿ ಮಾಡಿಕೊಂಡು ಒಂದು ವರ್ಷಕ್ಕಿಂತ ಹೆಚ್ಚು, ಅಂದರೆ 366 ದಿನ, ಇಲ್ಲಿದ್ದರೇ ಎಂಬುದು. ಆ 366 ದಿನಗಳನ್ನು 'ನಿವಾಸ ನಿರ್ಧಾರದ ದಿನ' ಎಂಬ ಒಂದು ದಿನದಿಂದ ಹಿಂದಕ್ಕೆ ಎಣಿಸುತ್ತಾರೆ, ಮತ್ತು ಆ ದಿನ ಎಲ್ಲ ಕಡೆ ಒಂದೇ ಅಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಲ್ಲಿ ಅದು ತರಗತಿಗಳು ಆರಂಭವಾಗುವ ದಿನಕ್ಕೆ ಹೊಂದಿಕೊಂಡಿದೆ. ಬರ್ಕ್ಲಿ ಮತ್ತು ಮರ್ಸೆಡ್ ಸೆಮಿಸ್ಟರ್ ಪದ್ಧತಿಯವು, ಅವುಗಳ ತರಗತಿಗಳು ಆಗಸ್ಟ್ ಕೊನೆಯಲ್ಲಿ ಆರಂಭವಾಗುತ್ತವೆ. ಸ್ಯಾನ್ ಡಿಯಾಗೊ ಕ್ವಾರ್ಟರ್ ಪದ್ಧತಿಯದು, ಅಲ್ಲಿ ಸೆಪ್ಟೆಂಬರ್ ಕೊನೆಯಾಗುತ್ತದೆ. ಸ್ಯಾನ್ ಹೋಸೆ ಸ್ಟೇಟ್ ಬೇರೆಯೇ ವ್ಯವಸ್ಥೆಗೆ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೆ, ಸೇರಿದ್ದು; ಅಲ್ಲಿ ಶರತ್ಕಾಲದ ಪ್ರವೇಶಕ್ಕೆ ಸೆಪ್ಟೆಂಬರ್ 20ನ್ನು ನಿಗದಿಪಡಿಸಿದ್ದಾರೆ.

ನಿಮ್ಮ 366 ದಿನಗಳು ತುಂಬುವುದು 2026ರ ಸೆಪ್ಟೆಂಬರ್ ಎರಡನೇ ವಾರದಲ್ಲಿ. ಸ್ಯಾನ್ ಡಿಯಾಗೊ ಮತ್ತು ಸ್ಯಾನ್ ಹೋಸೆ ಸ್ಟೇಟ್‌ಗೆ ಅದು ಸಾಕು; ಬರ್ಕ್ಲಿಗೆ ಸಾಲದು. ಇದರಿಂದ ಬರ್ಕ್ಲಿಯ ಆಸೆ ಬಿಡಬೇಕಾಗಿಲ್ಲ. ಮೊದಲ ಸೆಮಿಸ್ಟರಿಗೆ ಮಗಳು ಹೊರರಾಜ್ಯದವಳೆಂದು ಪರಿಗಣಿತಳಾದರೂ, ಜನವರಿಯ ಸೆಮಿಸ್ಟರಿಗೆ ನಿವಾಸಿಯೆಂದು ಮರುವರ್ಗೀಕರಿಸುವಂತೆ ಅರ್ಜಿ ಸಲ್ಲಿಸಬಹುದು. ಅರ್ಜಿ ಹಾಕದೆ ಅದು ತಾನಾಗಿ ಆಗುವುದಿಲ್ಲ, ಗಡುವು ಮೀರಿದರೆ ಆ ಸೆಮಿಸ್ಟರೂ ಕೈತಪ್ಪುತ್ತದೆ. ದಯವಿಟ್ಟು ಈ ಮಾತನ್ನು ಬರೆದಿಟ್ಟುಕೊಳ್ಳಿ. 2025-26ರಲ್ಲಿ ಸೇರಿದ ಹೊರರಾಜ್ಯದ ವಿದ್ಯಾರ್ಥಿಗಳಿಗೆ ಈ ವಿಶ್ವವಿದ್ಯಾಲಯ ಸಾಮಾನ್ಯ ಶುಲ್ಕದ ಮೇಲೆ ವಿಧಿಸಿದ ಹೆಚ್ಚುವರಿ ಮೊತ್ತ ವರ್ಷಕ್ಕೆ 37,602 ಡಾಲರ್. ಅದೇ ದರವನ್ನು ಹಿಡಿದರೂ ಒಂದು ಸೆಮಿಸ್ಟರಿಗೆ ಸುಮಾರು 18,800 ಡಾಲರ್ ಹೆಚ್ಚಿಗೆ ಬೀಳುತ್ತದೆ. ಸಂಬಳ ನಂಬಿ ಬದುಕುವ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ ಎಂದು ನನಗೆ ಗೊತ್ತು.

ದಿನಗಳು ತುಂಬಿದರಷ್ಟೇ ಸಾಲದು. ಆ ದಿನಗಳಲ್ಲಿ ನಿಮ್ಮ ಮನಸ್ಸೂ ಇಲ್ಲೇ ಇತ್ತು ಎಂಬುದಕ್ಕೆ ಕಾಗದಪತ್ರಗಳು ಸಾಕ್ಷಿ ಹೇಳಬೇಕು. ನಾವು ಎಡವಿದ್ದು ಇಲ್ಲಿಯೇ. ಜುಲೈನಲ್ಲಿ ಇಲ್ಲಿಗೆ ಬಂದ ನಾನು, ಹಳೆಯ ರಾಜ್ಯದ ಡ್ರೈವಿಂಗ್ ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆಯಲ್ಲ ಎಂದು ನವೆಂಬರ್‌ವರೆಗೆ ಅದನ್ನೇ ಇಟ್ಟುಕೊಂಡಿದ್ದೆ. ಇಲ್ಲಿ ನೆಲೆಸಿದವರು 10 ದಿನಗಳಲ್ಲಿ ಕ್ಯಾಲಿಫೋರ್ನಿಯಾದ ಲೈಸೆನ್ಸ್ ಪಡೆಯಬೇಕು, 20 ದಿನಗಳಲ್ಲಿ ಕಾರನ್ನು ನೋಂದಾಯಿಸಬೇಕು ಎಂಬ ನಿಯಮ ನನಗೆ ತಿಳಿದಿರಲಿಲ್ಲ. ಮಗನ ಕಾಲೇಜಿನ ಕಚೇರಿಯವರು, ನವೆಂಬರ್‌ವರೆಗೆ ನೀವು ಹಳೆಯ ರಾಜ್ಯಕ್ಕೆ ಮರಳುವ ಯೋಚನೆಯಲ್ಲಿ ಇರಲಿಲ್ಲ ಎನ್ನಲು ಆಧಾರವೇನು ಎಂದು ಕೇಳಿದರು. ಜುಲೈ ತಿಂಗಳ ಬಾಡಿಗೆ ಕರಾರು ಮತ್ತು ಅದೇ ತಿಂಗಳಿನಿಂದ ಕ್ಯಾಲಿಫೋರ್ನಿಯಾದ ತೆರಿಗೆ ಕಡಿತಗೊಂಡಿದ್ದ ಸಂಬಳದ ಚೀಟಿಗಳು ನಮ್ಮನ್ನು ಉಳಿಸಿದವು. ಆದರೆ ಅದು ತೀರ್ಮಾನವಾಗುವವರೆಗಿನ ಆರು ವಾರ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ.

ಆದ್ದರಿಂದ ನಿಮ್ಮ ಬಾಡಿಗೆ ಕರಾರು, ಸಾಮಾನು ಸಾಗಿಸಿದ ರಸೀದಿ, ಲೈಸೆನ್ಸ್, ಕಾರಿನ ನೋಂದಣಿ ಮತ್ತು ವಿಮೆ, ಮಗಳ ಶಾಲೆಯ ದಾಖಲಾತಿ ಇವೆಲ್ಲವನ್ನೂ ಈಗಲೇ ದಿನಾಂಕದ ಕ್ರಮದಲ್ಲಿ ಜೋಡಿಸಿಡಿ. ಎಲ್ಲಕ್ಕಿಂತ ತೂಕದ ದಾಖಲೆ ತೆರಿಗೆ ವಿವರ. 2025ರ ವರ್ಷಕ್ಕೆ ನೀವು ನ್ಯೂಜೆರ್ಸಿಯಲ್ಲೂ ಕ್ಯಾಲಿಫೋರ್ನಿಯಾದಲ್ಲೂ ಭಾಗಶಃ ವರ್ಷದ ನಿವಾಸಿಯಾಗಿ ವಿವರ ಸಲ್ಲಿಸಬೇಕು, ಮತ್ತು ಸ್ಥಳಾಂತರದ ದಿನಾಂಕ ಎರಡರಲ್ಲೂ ಒಂದೇ ಆಗಿರಬೇಕು. ಬೇಸಿಗೆಯಲ್ಲಿ ಕೆಲವು ವಾರ ಊರಿಗೆ ಹೋಗಿ ಅಜ್ಜಿ ತಾತನನ್ನು ನೋಡಿ ಬಂದರೆ ನೆಲೆ ತಪ್ಪುವುದಿಲ್ಲ. ಇಲ್ಲಿನ ಮನೆ ಹಾಗೆಯೇ ಇರಲಿ, ಹೋಗಿಬರುವ ಟಿಕೆಟ್‌ಗಳು ಕೈಯಲ್ಲಿರಲಿ.

ಎರಡು ವಿಷಯಗಳಲ್ಲಿ ಬಹಳ ಎಚ್ಚರವಾಗಿರಬೇಕೆಂದು ಕೇಳಿಕೊಳ್ಳುತ್ತೇನೆ. ನೆಲೆಸುವ ಉದ್ದೇಶಕ್ಕೆ ಪುರಾವೆಯಾಗಿ ಮತದಾರರ ನೋಂದಣಿಯನ್ನೂ ಹೆಸರಿಸಿರುತ್ತಾರೆ, ಲೈಸೆನ್ಸ್ ಅರ್ಜಿಯಲ್ಲೂ ಅದರ ಪ್ರಶ್ನೆ ಇರುತ್ತದೆ. ಅದು ನಾಗರಿಕರಿಗೆ ಮಾತ್ರ ಸಂಬಂಧಿಸಿದ್ದು, ತಿಳಿಯದೆ ಒಪ್ಪಿಗೆ ಸೂಚಿಸಿದರೂ ನಿಮಗೆ ಮುಂದೆ ಸಿಗಬೇಕಾದ ಹಸಿರು ಕಾರ್ಡಿಗೇ, ಅಂದರೆ ಕಾಯಂ ವಾಸದ ಅನುಮತಿಗೇ, ಧಕ್ಕೆ ಬರಬಹುದು. ಎರಡನೆಯದು, ಪ್ರವೇಶ ಒಪ್ಪಿಕೊಂಡ ಮೇಲೆ ತುಂಬಬೇಕಾದ ಕಾನೂನುಬದ್ಧ ನಿವಾಸದ ಹೇಳಿಕೆ. ಮನೆ ಹುಡುಕಲು ಆಗಸ್ಟ್‌ನಲ್ಲಿ ನಾಲ್ಕು ದಿನ ಬಂದು ಹೋಗಿದ್ದೆವು ಎಂದೂ ನೀವು ಬರೆದಿದ್ದೀರಿ. ಬರ್ಕ್ಲಿಯ ಸಲುವಾಗಿ ಆ ದಿನಾಂಕವನ್ನು ಬರೆಯುವ ಮನಸ್ಸಾದರೂ ಬರೆಯಬೇಡಿ; ಅದು ಬಂದು ಹೋದದ್ದು, ನೆಲೆಸಿದ್ದಲ್ಲ. ನಿಜವಾದ ದಿನಾಂಕದಿಂದ ಹೋಗುವುದು ಒಂದು ಸೆಮಿಸ್ಟರಿನ ಹಣ. ಸುಳ್ಳು ದಿನಾಂಕದಿಂದ ಮಗಳ ಪ್ರವೇಶವೇ ಪ್ರಶ್ನೆಗೆ ಗುರಿಯಾಗಬಹುದು.

ಹೊರರಾಜ್ಯದವರ ಶುಲ್ಕದಿಂದ ವಿನಾಯಿತಿ ಕೊಡುವ ಎಬಿ 540 ಎಂಬ 2001ರ ಕಾಯ್ದೆಯ ಬಗ್ಗೆಯೂ ಯಾರೋ ನಿಮಗೆ ಹೇಳಿದ್ದಾರೆ. ಅದು ಇಲ್ಲಿನ ಪ್ರೌಢಶಾಲೆಯಲ್ಲಿ ಮೂರು ವರ್ಷ ಓದಿದವರಿಗಾಗಿ ಮಾಡಿದ್ದು. ಒಂದೇ ವರ್ಷ ಓದಿರುವ ನಿಮ್ಮ ಮಗಳಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ನೀವು ಕೇಳಿಲ್ಲದಿದ್ದರೂ ನಾನು ಹೇಳಲೇಬೇಕಾದದ್ದು ಮಗಳ ಇಪ್ಪತ್ತೊಂದನೇ ಹುಟ್ಟುಹಬ್ಬದ ಬಗ್ಗೆ. ಆ ದಿನ ಎಚ್-4 ಮುಗಿಯುತ್ತದೆ. ಪ್ರತಿ ದೇಶಕ್ಕೆ ಶೇಕಡಾ 7ರ ಮಿತಿಯಿರುವುದರಿಂದ ಭಾರತದಲ್ಲಿ ಹುಟ್ಟಿದವರ ಹಸಿರು ಕಾರ್ಡಿನ ಸರದಿ ಎಷ್ಟು ಉದ್ದವೆಂಬುದು ನಿಮಗೆ ತಿಳಿದೇ ಇದೆ. ಅಷ್ಟರೊಳಗೆ ನಿಮ್ಮ ಸರದಿ ಬಾರದಿದ್ದರೆ ಅವಳು ಬಹುಮಟ್ಟಿಗೆ ಎಫ್-1ಗೆ ಬದಲಾಗಬೇಕಾಗುತ್ತದೆ, ಮತ್ತು ಮೇಲೆ ಹೇಳಿದ ಷರತ್ತಿನಿಂದಾಗಿ ನಿವಾಸಿಯ ಸ್ಥಾನಕ್ಕೂ ಕುತ್ತು ಬರಬಹುದು. ಈಗ ಹದಿನೇಳು ವರ್ಷದವಳೆಂದರೆ ಆ ಪ್ರಶ್ನೆ ಕೊನೆಯ ವರ್ಷದ ಹೊತ್ತಿಗೆ ಎದುರಾಗುತ್ತದೆ. ಮಕ್ಕಳ ವಯಸ್ಸನ್ನು ಲೆಕ್ಕ ಹಾಕುವಾಗ ಸ್ವಲ್ಪ ರಿಯಾಯಿತಿ ಕೊಡುವ 2002ರ ಕಾನೂನು ನಿಮಗೆ ಎಷ್ಟು ನೆರವಾಗುತ್ತದೆ ಎಂದು ಈಗಲೇ ವಲಸೆ ವಕೀಲರನ್ನು ಕೇಳಿ. ಕಾಲೇಜು ಆರಿಸುವ ಮೊದಲು ಮೂರೂ ಕಡೆಯ ನಿವಾಸ ನಿರ್ಧಾರದ ಕಚೇರಿಗಳಿಗೆ, ಎಚ್-4ರಿಂದ ಎಫ್-1ಗೆ ಬದಲಾದ ವಿದ್ಯಾರ್ಥಿಯ ಶುಲ್ಕ ಏನಾಗುತ್ತದೆ ಎಂದು ಇಮೇಲ್ ಮೂಲಕವೇ ಕೇಳಿ, ಉತ್ತರವನ್ನು ಉಳಿದ ದಾಖಲೆಗಳೊಂದಿಗೆ ಇಟ್ಟುಕೊಳ್ಳಿ.